ಮಾಲಿಸ್ ಮಿಜೇರ್, ಎಕ್ಸ್ ಜಪಾನ್, ವೆರ್ಸಾಯ್: ಬರೀ ವೇಷವಾ, ಸಂಗೀತವೂ ಇದೆಯಾ?

ತುಂಗಾತೀರ · ಶನಿವಾರ, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಜಪಾನ್‌ನ ಒಂದೇ ರಾಕ್ ಬ್ಯಾಂಡ್ ಕೇಳ್ತಾ ಇದ್ದೇನೆ. ಮಾಲಿಸ್ ಮಿಜೇರ್.

ಶುರುವಾಗಿದ್ದು ‘ವ್ಯಾಂಪೈರ್ ನೈಟ್’ ಅನಿಮೆಯಿಂದ. ಅದರ ಕೊನೆಯಲ್ಲಿ ಒಂದು ಹಾಡು ಬರುತ್ತೆ. ಹಾಡಿದವರು ಕಾನೋನ್ ವಾಕೆಶಿಮಾ, ಅವರು ಚೆಲ್ಲೋ ವಾದಕಿಯೂ ಹೌದು. 2008ರ ಹಾಡು. ಅದನ್ನು ಮಾಡಿಸಿದವರು ಮಾನಾ ಎಂದು ತಿಳಿಯಿತು. ಯಾರಪ್ಪಾ ಇವರು ಎಂದು ಹುಡುಕಿಕೊಂಡು ಹೋದರೆ ಅವರ ಹಳೆಯ ಬ್ಯಾಂಡ್ ಸಿಕ್ಕಿತು. 1998ರ ‘ಮೆರ್ವೇಯ್’ ಆಲ್ಬಂ ಹಾಕಿದೆ. ಅವತ್ತಿನಿಂದ ಬೇರೆ ಏನೂ ಕಿವಿಗೆ ಹಿಡಿಸುತ್ತಿಲ್ಲ.

ನನ್ನ ಜೊತೆ ರೂಮಿನಲ್ಲಿರುವ ಗೆಳೆಯ ಪಿಯಾನೋ ಕಲಿತವನು. ಅವನು ಒಂದು ಹಾಡಿನ ವಿಡಿಯೋ ನೋಡಿ, "ಲೇಸು, ಗೌನು, ಹಾರ್ಪ್ಸಿಕಾರ್ಡ್ ಎಂಬ ಹಳೇ ಕೀಬೋರ್ಡ್ ಸದ್ದು, ಇಷ್ಟೇ. ಎಲ್ಲಾ ಅಲಂಕಾರ. ಒಳಗೆ ಮಾಮೂಲಿ ರಾಕ್" ಎಂದುಬಿಟ್ಟ. ನನಗೆ ಸಂಗೀತದ ಪಾಠ ಆಗಿಲ್ಲ, ಉತ್ತರ ಕೊಡೋಕೆ ಬರಲಿಲ್ಲ. ಆದರೆ ಅವನ ಮಾತು ತಪ್ಪು ಎಂದು ಮನಸ್ಸು ಹೇಳುತ್ತಿದೆ. ಗೊತ್ತಿರುವವರು ಹೇಳಿ: ಇದರಲ್ಲಿ ಏನನ್ನು ಕೇಳಬೇಕು?

ಬೇಸ್_ತಂತಿ · ಶನಿವಾರ, ರಾತ್ರಿ 11:15

ನಾನು ಬೇಸ್ ಗಿಟಾರ್ ನುಡಿಸುವವನು, ಹಾಗಾಗಿ ನನ್ನ ಉತ್ತರ ಬೇಸ್‌ನಿಂದಲೇ ಶುರು.

ಮಾಮೂಲಿ ರಾಕ್ ಬ್ಯಾಂಡ್‌ನಲ್ಲಿ ಒಬ್ಬ ಗಿಟಾರ್‌ನವನು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಚ್ಛ) ಹಿಡಿದು ತಾಳಕ್ಕೆ ಬಾರಿಸುತ್ತಾನೆ, ಇನ್ನೊಬ್ಬ ಮೇಲೆ ರಾಗ ತೆಗೆಯುತ್ತಾನೆ. ಬೇಸ್ ಕೆಳಗೆ ನೆಲ ಕೊಡುತ್ತೆ. ಮಾಲಿಸ್ ಮಿಜೇರ್‌ನಲ್ಲಿ ಈ ಹಂಚಿಕೆ ಎಷ್ಟೋ ಕಡೆ ಇಲ್ಲ. ಮಾನಾ ತಮ್ಮ ಗಿಟಾರ್‌ನಲ್ಲಿ ಒಂದು ಎಳೆ ಹಿಡಿದು ಹೋಗುತ್ತಾರೆ, ಇನ್ನೊಬ್ಬ ಗಿಟಾರ್ ವಾದಕ ಕೋಜಿ ಇನ್ನೊಂದು ಎಳೆ ಹಿಡಿದು ಹೋಗುತ್ತಾರೆ. ಯೂಕಿಯ ಬೇಸ್ ಮೂರನೇ ಎಳೆ. ಯಾರೂ ಯಾರಿಗೂ ಹಿನ್ನೆಲೆ ಅಲ್ಲ. ಮೂರೂ ಪೂರ್ತಿ ರಾಗಗಳು, ಒಟ್ಟಿಗೆ ಹೊಂದುತ್ತವೆ. ಇದು ಬರೋಕ್ ಕಾಲದ, ಅಂದರೆ 17-18ನೇ ಶತಮಾನದ ಯೂರೋಪಿನ, ಬರವಣಿಗೆಯ ಕ್ರಮ. ಆ ಕಾಲದ ಜರ್ಮನ್ ಸಂಗೀತಗಾರ ಬಾಕ್ ಬರೆದದ್ದು ಹೀಗೇ.

ನಮ್ಮ ಕಛೇರಿ ಕೇಳಿ ಬೆಳೆದ ಕಿವಿಗೆ ಇದು ಮೊದಲು ಗಲಿಬಿಲಿ ಮಾಡುತ್ತೆ. ನಮ್ಮಲ್ಲಿ ರಾಗ ಒಂದೇ ಎಳೆ, ಪಿಟೀಲು ಅದನ್ನೇ ಹಿಂಬಾಲಿಸುತ್ತೆ. ಇಲ್ಲಿ ಕಿವಿ ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತೆ. ಅದಕ್ಕೆ ಒಂದು ಕೆಲಸ ಮಾಡಿ. ಒಂದೇ ಹಾಡನ್ನು ಮೂರು ಸಲ ಕೇಳಿ. ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ ಬೇಸ್ ಬಿಟ್ಟು ಬೇರೆ ಯಾವುದಕ್ಕೂ ಗಮನ ಕೊಡಬೇಡಿ. ಮೂರನೇ ಸಲ ಒಂದು ಗಿಟಾರ್ ಮಾತ್ರ. ಆಮೇಲೆ ನಿಮ್ಮ ಗೆಳೆಯರಿಗೆ ಉತ್ತರ ಹೇಳಬಹುದು.

ಇನ್ನೊಂದು ಸುಳಿವು. ಈ ಬಗೆಯ ಹಾಡುಗಳಲ್ಲಿ ಹಾರ್ಮೋನಿಕ್ ಮೈನರ್ ಎಂಬ ಪಾಶ್ಚಾತ್ಯ ಸ್ವರಶ್ರೇಣಿ ಜಾಸ್ತಿ ಬರುತ್ತೆ. ಅದರ ಸ್ವರಗಳು ನಮ್ಮ ಕೀರವಾಣಿಯವೇ. ಗಮಕ ಇಲ್ಲ, ನಡೆ ಬೇರೆ, ಆದರೆ ಸ್ವರಸ್ಥಾನ ಅದೇ. ಆ ಮೇಲಿನ ನಿಷಾದದಿಂದ ಷಡ್ಜಕ್ಕೆ ಬಂದು ಕೂರುವಾಗ ಎದೆಯಲ್ಲಿ ಏನೋ ಆಗುತ್ತಲ್ಲ, ನಿಮಗೆ ಅದು ಮೊದಲೇ ಪರಿಚಯ ಇದೆ.

ಆರ್ಗನ್_ಮೆಟ್ಟಿಲು · ಭಾನುವಾರ, ಬೆಳಿಗ್ಗೆ 7:30

ನಾನು ತುಂಗಾತೀರ ಅವರ ಗೆಳೆಯನ ಪರ. ಬೇಸರ ಮಾಡಿಕೊಳ್ಳಬೇಡಿ.

ಮಂಗಳೂರಿನಲ್ಲಿ ಚರ್ಚ್ ಕಾಯಿರ್‌ಗೆ (ಗಾಯಕರ ಗುಂಪಿಗೆ) ಹದಿನಾರು ವರ್ಷ ಕೀಬೋರ್ಡ್ ನುಡಿಸಿದ್ದೇನೆ. ಹಾರ್ಪ್ಸಿಕಾರ್ಡ್ ಬಟನ್ ಒತ್ತಿದ ಕೂಡಲೇ ಬರೋಕ್ ಆಗುವುದಿಲ್ಲ. ಎರಡು ಗಿಟಾರ್ ಬೇರೆ ಬೇರೆ ರಾಗ ನುಡಿಸಿದರೆ ಅದು ಕೌಂಟರ್‌ಪಾಯಿಂಟ್‌ನ, ಅಂದರೆ ರಾಗದ ಎದುರು ರಾಗ ಹೆಣೆಯುವ ಕ್ರಮದ, ಆರಂಭ ಅಷ್ಟೇ. ಫ್ಯೂಗ್ ಅಂದರೆ ಒಂದು ಧ್ವನಿ ಒಂದು ರಾಗ ಹೇಳಬೇಕು, ಅದು ಮುಂದೆ ಹೋಗುತ್ತಿದ್ದ ಹಾಗೇ ಎರಡನೆಯದು ಅದೇ ರಾಗವನ್ನು ಬೇರೆ ಶ್ರುತಿಯಿಂದ ಎತ್ತಿಕೊಳ್ಳಬೇಕು, ಆಮೇಲೆ ಮೂರನೆಯದು. ಪ್ರತಿ ಧ್ವನಿಗೂ ಉಳಿದವರ ಮೇಲೆ ಹೊಣೆ ಇರುತ್ತೆ. ನಾಲ್ಕು ನಿಮಿಷದ ರಾಕ್ ಹಾಡಿಗೆ ಅಷ್ಟು ತಾಳ್ಮೆ ಇರೋಲ್ಲ.

ಇಂಥ ಬ್ಯಾಂಡ್‌ಗಳನ್ನು ಹೊಗಳುವವರು ‘ಆಪೆರಾ’, ಅಂದರೆ ಹಾಡಿನಲ್ಲೇ ನಡೆಯುವ ಯೂರೋಪಿನ ನಾಟಕ, ಎನ್ನುವ ಮಾತೂ ಅಷ್ಟೇ. ಆಪೆರಾ ಗಾಯಕರು ಮೈಕ್ ಇಲ್ಲದೆ ಇಡೀ ಆರ್ಕೆಸ್ಟ್ರಾ ದಾಟಿ ಕೊನೆಯ ಸಾಲಿಗೆ ಧ್ವನಿ ಮುಟ್ಟಿಸುತ್ತಾರೆ. ಇವರು ಯಾರೂ ಆ ಬಗೆಯಲ್ಲಿ ಹಾಡುವುದಿಲ್ಲ. ಚೆನ್ನಾಗಿ ಹಾಡುತ್ತಾರೆ, ಅದು ಬೇರೆ ವಿಷಯ.

ಕಪ್ಪು_ಗುಲಾಬಿ · ಭಾನುವಾರ, ಬೆಳಿಗ್ಗೆ 11:08

ಆರ್ಗನ್_ಮೆಟ್ಟಿಲು ಸರ್, ನೀವು ಹೇಳಿದ ಒಂದೊಂದು ಮಾತೂ ಸರಿ. ಆದರೂ ನನಗೆ ಒಪ್ಪಿಗೆ ಇಲ್ಲ. ಯಾಕೆ ಎಂದು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಮಾಲಿಸ್ ಮಿಜೇರ್ ಶುರುವಾಗಿದ್ದು 1992ರ ಆಗಸ್ಟ್‌ನಲ್ಲಿ. ಶುರು ಮಾಡಿದವರು ಮಾನಾ ಮತ್ತು ಕೋಜಿ. ಮನುಷ್ಯ ಎಂದರೇನು ಎಂದು ಅವರು ಕೇಳಿಕೊಂಡರು. ಕೇಡು ಮತ್ತು ನೋವು, ಇವೆರಡೇ ಎಂಬ ಉತ್ತರದಿಂದ ಬಂದ ಹೆಸರು ಅದು. ಮಾನಾ ಅವರ ತಂದೆ ತಾಯಿ ಇಬ್ಬರೂ ಸಂಗೀತದ ಮೇಷ್ಟ್ರು. ಮನೆಯಲ್ಲಿ ಬೆಳಗಾದರೆ ಶಾಸ್ತ್ರೀಯ ಸಂಗೀತ. ಆ ಹುಡುಗ ಆಮೇಲೆ ಅಮೆರಿಕದ ರಾಕ್ ಬ್ಯಾಂಡ್ ಮಾಟ್ಲೀ ಕ್ರ್ಯೂ ಕೇಳಿ ಮೊದಲು ಹಿಡಿದದ್ದು ಡ್ರಮ್. ಈ ಎರಡೂ ಒಬ್ಬನೇ ಮನುಷ್ಯನಲ್ಲಿ ಸೇರಿದ್ದವು. ಮೊದಲು ರಾಕ್ ಮಾಡಿ ಆಮೇಲೆ ಮೇಲಿನಿಂದ ಬಾಕ್ ಬಳಿದದ್ದಲ್ಲ.

ಮೊದಲ ಗಾಯಕ ತೆತ್ಸು. 1994ರಲ್ಲಿ ‘ಮೆಮ್ವಾರ್’ ಬಂತು, ಆ ವರ್ಷವೇ ಅವರು ಬಿಟ್ಟರು. 1995ರಲ್ಲಿ ಗಾಕ್ಟ್ ಬಂದರು. 1997ರಲ್ಲಿ ದೊಡ್ಡ ಕಂಪನಿ ನಿಪ್ಪಾನ್ ಕೊಲಂಬಿಯಾಗೆ ಹೋದರು. 1998ರ ಮಾರ್ಚ್ 18ಕ್ಕೆ ‘ಮೆರ್ವೇಯ್’. ಈ ಆಲ್ಬಂ ಹೇಗೆ ಕಟ್ಟಿದ್ದಾರೆ ನೋಡಿ. ಮೊದಲು ಒಂದು ಚಿಕ್ಕ ಪೀಠಿಕೆ, ಕೊನೆಗೆ ಮಾತಿಲ್ಲದ ಒಂದು ವಾದ್ಯದ ತುಣುಕು. ಪರದೆ ಏಳುತ್ತೆ, ಪರದೆ ಬೀಳುತ್ತೆ. ವೇದಿಕೆಯ ಮೇಲೆ ಅವರು ಹಾಡಿನ ನಡುವೆ ಗಿಟಾರ್ ಕೆಳಗಿಟ್ಟು ಮೂಕಾಭಿನಯ ಮಾಡುತ್ತಿದ್ದರು. ಸೂತ್ರದ ಬೊಂಬೆಯ ಹಾಗೆ ಕುಣಿಯುತ್ತಿದ್ದರು. ವಾದ್ಯ ನುಡಿಸದ ಹೊತ್ತಿನಲ್ಲೂ ಅವರು ಪಾತ್ರವೇ.

ಮಾನಾ ಹೆಣ್ಣಿನ ವೇಷ. ಜನರ ಎದುರು ಮಾತೇ ಆಡುವುದಿಲ್ಲ. ಸಂದರ್ಶನದಲ್ಲಿ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದರೆ ಅವರು ಉತ್ತರ ಹೇಳುತ್ತಿದ್ದರು. ಹಾಗಾದರೆ ಅವರ ಮಾತು ಎಲ್ಲಿದೆ? ಆ ಗಿಟಾರ್ ಎಳೆಯಲ್ಲಿ. ಬೇಸ್_ತಂತಿ ಅವರು ಹೇಳಿದ ಎರಡು ಎಳೆಗಳನ್ನು ಎರಡು ಪಾತ್ರ ಎಂದುಕೊಂಡು ಕೇಳಿ. ಇಬ್ಬರು ಎದುರುಬದುರು ನಿಂತು ಮಾತಾಡಿಕೊಂಡ ಹಾಗೆ ಕೇಳಿಸುತ್ತೆ. ಆಪೆರಾದಿಂದ ಇವರು ತೆಗೆದುಕೊಂಡಿದ್ದು ಗಂಟಲಲ್ಲ. ಸಂಗೀತದಲ್ಲೇ ಪಾತ್ರ ಬರೆಯುವ ಕ್ರಮ. ನನ್ನ ವಾದ ಇಷ್ಟೇ.

ಆಮೇಲಿನದು ನೆನೆದರೆ ಈಗಲೂ ಸಂಕಟ ಆಗುತ್ತೆ. 1999ರ ಜನವರಿಯಲ್ಲಿ ಗಾಕ್ಟ್ ಹೊರಟರು. ಜೂನ್ 21ಕ್ಕೆ ಡ್ರಮ್ಮರ್ ಕಾಮಿ ತೀರಿಕೊಂಡರು, ಮಿದುಳಿನಲ್ಲಿ ರಕ್ತಸ್ರಾವ. ಉಳಿದ ಮೂವರು ಬೇರೆ ಡ್ರಮ್ಮರ್‌ನನ್ನು ಸದಸ್ಯರಾಗಿ ತೆಗೆದುಕೊಳ್ಳಲೇ ಇಲ್ಲ. ನೆರವಿಗೆ ಬಂದವರು ನುಡಿಸಿದರು. ಕಾಮಿಯ ಹೆಸರು ಮಾತ್ರ ‘ಶಾಶ್ವತ ರಕ್ತಸಂಬಂಧಿ’ ಎಂದು ಪಟ್ಟಿಯಲ್ಲಿ ಉಳಿಯಿತು. 2000ದ ಫೆಬ್ರವರಿ 1, ಕಾಮಿಯ ಹುಟ್ಟುಹಬ್ಬದ ದಿನ, ಅವರು ಮಾಡಿಟ್ಟ ರಾಗಗಳನ್ನು ‘ಶಿನ್ವಾ’ ಎಂಬ ಹೆಸರಲ್ಲಿ ತಂದರು. ಪುರಾಣ ಎಂದು ಅರ್ಥ.

ಅದೇ ವರ್ಷ ಆಗಸ್ಟ್ 23ಕ್ಕೆ ‘ಬಾರಾ ನೋ ಸೇದೋ’ ಬಂತು. ಗುಲಾಬಿಯ ಮಹಾ ಚರ್ಚ್. ದೊಡ್ಡ ಕಂಪನಿ ಇಲ್ಲ, ಮಾನಾ ಅವರದೇ ಮಿಡಿ ನೆಟ್ ಲೇಬಲ್. ಪೈಪ್ ಆರ್ಗನ್ ಸದ್ದು, ಕಾಯಿರ್, ಹೊಸ ಗಾಯಕ ಕ್ಲಾಹಾ. ಸರ್, ನೀವು ದಯವಿಟ್ಟು ಈ ಆಲ್ಬಂ ಕೇಳಿ, ಆಮೇಲೆ ಅಲಂಕಾರ ಎನ್ನಿ. ಗೆಳೆಯನನ್ನು ಕಳೆದುಕೊಂಡು ಒಂದು ವರ್ಷ ಆಗಿದೆ. ಆ ಮೂವರಿಗೆ ಆರ್ಗನ್ ಬೇಕಾಗಿತ್ತು.

ಟೋಕಿಯೋ_ಟಪಾಲು · ಭಾನುವಾರ, ಮಧ್ಯಾಹ್ನ 2:51

ಕಪ್ಪು_ಗುಲಾಬಿ ಅಕ್ಕ, ಓದಿ ಕಣ್ಣು ಒದ್ದೆ ಆಯ್ತು.

ಕೆಲಸದ ಮೇಲೆ ಒಂಬತ್ತು ವರ್ಷ ಜಪಾನ್‌ನಲ್ಲಿದ್ದೆ. ನಾನು ಅಲ್ಲಿ ಕಂಡ ಒಂದು ಸಂಗತಿ ಹೇಳಬೇಕು. ನಾವು ಇದನ್ನು "ಯೂರೋಪಿನಿಂದ ತಂದದ್ದು" ಎಂದು ನೋಡುತ್ತೇವೆ. ಅಲ್ಲಿನವರಿಗೆ ಅದು ಅಷ್ಟು ಹೊರಗಿನದಲ್ಲ.

ಡಿಸೆಂಬರ್ ಬಂದರೆ ಜಪಾನ್ ಪೂರ್ತಿ ಬೀಥೋವನ್‌ನ ಒಂಬತ್ತನೇ ಸಿಂಫನಿ. ‘ದೈಕು’ ಅನ್ನುತ್ತಾರೆ, ಒಂಬತ್ತನೆಯದು ಎಂದಷ್ಟೇ ಅರ್ಥ. ಊರೂರಲ್ಲಿ ಕಾಯಿರ್. ಅಂಗಡಿಯವರು, ಮೇಷ್ಟ್ರು, ಅಜ್ಜಿಯರು ಎಲ್ಲಾ ಸೇರಿ ಜರ್ಮನ್ ಸಾಲುಗಳನ್ನು ಬಾಯಿಪಾಠ ಮಾಡುತ್ತಾರೆ. ನಾನಿದ್ದ ಮನೆಯ ಕೆಳಗೆ ಇಸ್ತ್ರಿ ಅಂಗಡಿ ಇತ್ತು. ಅಲ್ಲಿನ ಹೆಂಗಸು ಅಕ್ಟೋಬರ್‌ನಿಂದಲೇ ಬಟ್ಟೆ ಮಡಿಸುತ್ತಾ ಆಲ್ಟೋ ಭಾಗ, ಅಂದರೆ ಹೆಂಗಸರ ಕೆಳಧ್ವನಿಯ ಭಾಗ, ಗುನುಗುತ್ತಿದ್ದರು. ರಾಗ ಅಲ್ಲ, ಆಲ್ಟೋ! ಬೇರೆ ಧ್ವನಿಗಳು ಇಲ್ಲದೆ ಅದನ್ನೊಂದನ್ನೇ ಕೇಳಿದರೆ ವಿಚಿತ್ರವಾಗಿರುತ್ತೆ. ಜಪಾನ್‌ನಲ್ಲಿ ಆ ಸಿಂಫನಿಯನ್ನು ಮೊದಲು ಪೂರ್ತಿ ನುಡಿಸಿದ್ದು 1918ರ ಜೂನ್ 1ಕ್ಕೆ. ನುಡಿಸಿದವರು ಜರ್ಮನ್ ಯುದ್ಧಕೈದಿಗಳು. ತೊಕುಶಿಮಾದ ನಾರುತೋ ಹತ್ತಿರದ ಬಾಂಡೋ ಶಿಬಿರದಲ್ಲಿ.

ಇನ್ನು ತಕರಾಜುಕಾ. ಒಸಾಕಾ ಹತ್ತಿರ, ಹ್ಯೋಗೋ ಪ್ರಾಂತ್ಯದ ಊರು. ಹಾಂಕ್ಯೂ ರೈಲು ಕಂಪನಿಯ ಕೊಬಾಯಾಶಿ ಇಚಿಜೋ ತಮ್ಮ ರೈಲಿಗೆ ಜನ ಬರಲಿ ಎಂದು ಹೆಣ್ಣುಮಕ್ಕಳದೇ ನಾಟಕ ಮಂಡಳಿ ಕಟ್ಟಿದರು. 1914ರಲ್ಲಿ ಮೊದಲ ಪ್ರಯೋಗ. ಗಂಡಿನ ಪಾತ್ರವೂ ಹೆಂಗಸರದೇ, ಅವರನ್ನು ‘ಒತೊಕೊಯಾಕು’ ಅನ್ನುತ್ತಾರೆ. ಇಕೆದಾ ರಿಯೋಕೋ ಅವರ ‘ವೆರ್ಸಾಯ್ ಗುಲಾಬಿ’ ಎಂಬ ಮಾಂಗಾವನ್ನು (ಜಪಾನಿ ಚಿತ್ರಕಥೆಯನ್ನು) 1974ರಲ್ಲಿ ಅಲ್ಲಿ ರಂಗಕ್ಕೆ ತಂದರು. ಗಂಡಿನಂತೆ ಬೆಳೆದ ಆಸ್ಕರ್ ಎಂಬ ಹೆಣ್ಣು, ಫ್ರಾನ್ಸ್ ರಾಣಿಯ ಕಾವಲು ಪಡೆಯ ನಾಯಕಿ. ನಾಟಕ ಮುಗಿಲು ಮುಟ್ಟಿತು. ಆ ಕಾಲದಲ್ಲಿ ಹುಟ್ಟಿ ಬೆಳೆದವರೇ 1990ರ ದಶಕದಲ್ಲಿ ಈ ಬ್ಯಾಂಡ್‌ಗಳನ್ನು ಕಟ್ಟಿದರು. ಅವರ ಯೂರೋಪ್ ವಿಮಾನ ಹತ್ತಿ ನೋಡಿದ ಯೂರೋಪ್ ಅಲ್ಲ. ರಂಗದ ಮೇಲೆ ಕಂಡದ್ದು, ಮಾಂಗಾದಲ್ಲಿ ಓದಿದ್ದು.

ಟೋಕಿಯೋದ ಮೆಗುರೋದಲ್ಲಿ ‘ರೊಕುಮೇಕಾನ್’ ಎಂಬ ಹೆಸರಿನ ಲೈವ್ ಹೌಸ್, ಅಂದರೆ ಬ್ಯಾಂಡ್‌ಗಳು ನುಡಿಸುವ ಚಿಕ್ಕ ಸಭಾಂಗಣ, ಇತ್ತು. ಎಕ್ಸ್ ಜಪಾನ್ ಕೂಡ ಅಲ್ಲಿ ನುಡಿಸಿದೆ. ಅದರ ಹೆಸರಿನ ಮೂಲ 1883ರ ಒಂದು ಕಟ್ಟಡ. ಮೇಜಿ ಸರ್ಕಾರ ವಿದೇಶಿ ಅತಿಥಿಗಳಿಗೆ ಕಟ್ಟಿಸಿತ್ತು. ಜಪಾನ್‌ನ ದೊಡ್ಡ ಮನೆತನದವರು ಅಲ್ಲಿ ಗೌನು, ಕೋಟು ಹಾಕಿಕೊಂಡು ವಾಲ್ಟ್ಸ್ ಕುಣಿಯುತ್ತಿದ್ದರು. ನೂರು ವರ್ಷದ ಮೇಲೆ ಅದೇ ಹೆಸರಿನ ಜಾಗದಲ್ಲಿ ಹುಡುಗರು ಲೇಸ್ ಹಾಕಿಕೊಂಡು ಗಿಟಾರ್ ಹಿಡಿದರು.

ಹೊನ್ನಾವರದ_ಹುಡುಗ · ಭಾನುವಾರ, ಸಂಜೆ 5:20

ಮಾನಾ ಮಾತಾಡೋಲ್ಲ ಎಂದದ್ದು ಓದಿ ಒಂದು ನೆನಪಾಯ್ತು. ನನ್ನ ದೊಡ್ಡಪ್ಪ ಮೇಳದಲ್ಲಿ ಸ್ತ್ರೀವೇಷ ಮಾಡುತ್ತಿದ್ದರು. ಚೌಕಿಯಲ್ಲಿ ಮುಖಕ್ಕೆ ಬಣ್ಣ ಹಚ್ಚಲು ಕೂತಾಗ ಹರಟೆ ಜೋರಾಗಿಯೇ ಇರುತ್ತಿತ್ತು. ಸೀರೆ ಉಟ್ಟು, ತುರುಬು ಕಟ್ಟಿ ಎದ್ದ ಮೇಲೆ ನಮ್ಮ ಹತ್ತಿರ ಒಂದು ಮಾತಿಲ್ಲ. ನೀರು ಬೇಕಾದರೂ ಕೈಸನ್ನೆ. ಚಿಕ್ಕವನಿದ್ದಾಗ ಸಿಟ್ಟು ಬಂದಿದೆ ಎಂದುಕೊಂಡಿದ್ದೆ.

ಅಷ್ಟೇ. ಹಾಡುಗಳನ್ನು ಇವತ್ತು ಕೇಳುತ್ತೇನೆ.

ಡಬಲ್_ಪೆಡಲ್ · ಭಾನುವಾರ, ರಾತ್ರಿ 9:04

ಇಷ್ಟು ಹೊತ್ತಾದರೂ ಎಕ್ಸ್ ಜಪಾನ್ ಬಗ್ಗೆ ಸರಿಯಾಗಿ ಯಾರೂ ಬರೆದಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಅವರಿಲ್ಲದೆ ಇದ್ಯಾವುದೂ ಇಲ್ಲ. ವೇಷಕ್ಕೂ ಸಂಗೀತದಷ್ಟೇ ತೂಕ ಕೊಡುವ ಈ ಜಪಾನಿ ರಾಕ್‌ನ ‘ವಿಜುವಲ್ ಕೇ’ ಎನ್ನುವ ಹೆಸರಿಗೇ ಮೂಲ 1989ರ ‘ಬ್ಲೂ ಬ್ಲಡ್’ ಆಲ್ಬಂ ಹೊತ್ತಿನ ಅವರ ಘೋಷಣೆ. ಅದರಲ್ಲಿ ‘ವಿಜುವಲ್ ಶಾಕ್’ ಎಂಬ ಮಾತಿತ್ತು.

ಚಿಬಾದ ತತೆಯಾಮಾ ಊರಿನ ಯೋಶಿಕಿ ಮತ್ತು ತೋಶಿ ಬಾಲ್ಯದ ಗೆಳೆಯರು. 1982ರಲ್ಲಿ ಬ್ಯಾಂಡ್ ಶುರು. ಯೋಶಿಕಿ ನಾಲ್ಕನೇ ವಯಸ್ಸಿಗೆ ಪಿಯಾನೋ ಕಲಿಯಲು ಕೂತವರು. ಹತ್ತು ವರ್ಷಕ್ಕೆ ತಂದೆಯನ್ನು ಕಳೆದುಕೊಂಡರು. ಆಮೇಲೆ ಡ್ರಮ್. ಒಂದೇ ಕಛೇರಿಯಲ್ಲಿ ಆ ಮನುಷ್ಯ ಡ್ರಮ್ ಬಾರಿಸಿ ಬಾರಿಸಿ ಕುಸಿದು ಬೀಳುತ್ತಾರೆ, ಎದ್ದು ಬಂದು ಪಿಯಾನೋ ಮುಂದೆ ಕೂರುತ್ತಾರೆ. ಕುತ್ತಿಗೆಯ ಆಪರೇಷನ್ ಒಂದಕ್ಕಿಂತ ಜಾಸ್ತಿ ಸಲ ಆಗಿದೆ.

ಆರ್ಗನ್_ಮೆಟ್ಟಿಲು ಸರ್‌ಗೆ ಫ್ಯೂಗ್ ಬೇಕಲ್ವಾ? ‘ಬ್ಲೂ ಬ್ಲಡ್’ನ ‘ರೋಸ್ ಆಫ್ ಪೇನ್’ ಹಾಕಿ. ಶುರುವಾಗುವುದೇ ಬಾಕ್‌ನ ಜಿ ಮೈನರ್ ಚಿಕ್ಕ ಫ್ಯೂಗ್‌ನಿಂದ, ಆರ್ಗನ್‌ನಲ್ಲಿ. ಸುಮಾರು 12 ನಿಮಿಷದ ಹಾಡು.

ಆದರೆ ನನಗೆ ಎಲ್ಲಕ್ಕಿಂತ ಮೇಲೆ ‘ಆರ್ಟ್ ಆಫ್ ಲೈಫ್’. 1993ರ ಆಗಸ್ಟ್. ಇಡೀ ಆಲ್ಬಂ ಒಂದೇ ಹಾಡು, 29 ನಿಮಿಷ. ಲಂಡನ್‌ನ ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆಗೆ. ಗಿಟಾರ್, ಡ್ರಮ್ ಎಲ್ಲಾ ಓಡಿ ಓಡಿ ನಡುವೆ ನಿಂತುಬಿಡುತ್ತವೆ. ಪಿಯಾನೋ ಮಾತ್ರ ಉಳಿಯುತ್ತೆ. ಒಂದು ಪಿಯಾನೋ ಒಂದು ಚಿಕ್ಕ ರಾಗವನ್ನು ಮತ್ತೆ ಮತ್ತೆ ಹೇಳುತ್ತಾ ಇರುತ್ತೆ. ಅದರ ಮೇಲೆ ಎರಡನೇ ಪಿಯಾನೋ ಬರುತ್ತೆ. ಮೊದಲು ಜೊತೆಗೆ ಇರುತ್ತೆ, ಆಮೇಲೆ ತಪ್ಪು ಸ್ವರ, ಆಮೇಲೆ ಅಂಗೈಯಿಂದ ಗುದ್ದಿದ ಹಾಗೆ. ಕೆಳಗಿನ ರಾಗ ಮಾತ್ರ ನಿಲ್ಲುವುದಿಲ್ಲ. ಅಷ್ಟು ಏಟು ತಿಂದರೂ ಅದೇ ರಾಗ, ಅದೇ ನಡೆ. ಮೊದಲ ಸಲ ಕೇಳಿದಾಗ ಸಿಡಿ ಕೆಟ್ಟಿದೆಯಾ ಎಂದು ಎದ್ದು ಹೋಗಿ ನೋಡಿದ್ದೆ. ಈಗ ಆ ಭಾಗ ಬಂದರೆ ಯಾರಾದರೂ ಕರೆದರೂ ಓಗೊಡುವುದಿಲ್ಲ.

1993ರ ಡಿಸೆಂಬರ್ 31ಕ್ಕೆ ಟೋಕಿಯೋ ಡೋಮ್‌ನಲ್ಲಿ ಇದನ್ನು ಪೂರ್ತಿ ನುಡಿಸಿದರು. ಜಪಾನ್‌ನ ಆಗಿನ ಚಕ್ರವರ್ತಿ ಪಟ್ಟಕ್ಕೆ ಬಂದು ಹತ್ತು ವರ್ಷ ಆದಾಗ, 1999ರಲ್ಲಿ, ಇದೇ ಯೋಶಿಕಿ ಪಿಯಾನೋ ಕಾನ್ಚೆರ್ಟೋ (ಪಿಯಾನೋ ಮತ್ತು ಆರ್ಕೆಸ್ಟ್ರಾಗೆ ಬರೆದ ಕೃತಿ) ಬರೆದು ನುಡಿಸಿದ್ದಾರೆ.

ಆರ್ಗನ್_ಮೆಟ್ಟಿಲು · ಸೋಮವಾರ, ಬೆಳಿಗ್ಗೆ 6:55

ನಿನ್ನೆ ರಾತ್ರಿ ಕೂತು ಮೂರನ್ನೂ ಕೇಳಿದೆ. ನನ್ನ ಅನಿಸಿಕೆ ಇದ್ದ ಹಾಗೆ ಬರೆಯುತ್ತೇನೆ.

‘ರೋಸ್ ಆಫ್ ಪೇನ್’: ಬಾಕ್‌ನ ರಾಗವನ್ನು ತಂದಿದ್ದಾರೆ, ನಿಜ. ಆದರೆ ಬಾಗಿಲಿಗೆ ತೋರಣ ಕಟ್ಟಿದ ಹಾಗೆ ಮುಂದೆ ಇಟ್ಟಿದ್ದಾರೆ. ಒಳಗಿನ ಹಾಡು ಬೇರೆ. ನನ್ನ ಮೊದಲ ಮಾತಿಗೆ ಇದು ಉದಾಹರಣೆ ಎಂದೇ ಹೇಳುತ್ತೇನೆ.

‘ಆರ್ಟ್ ಆಫ್ ಲೈಫ್’: ಇಲ್ಲಿ ನಾನು ಸೋತೆ. ಪಿಯಾನೋ ಭಾಗಕ್ಕೆ ಶಾಸ್ತ್ರದ ಹೆಸರು ಕೊಡಬಹುದು, ಕೆಳಗೆ ಒಂದೇ ನಡೆ, ಮೇಲೆ ಬದಲಾವಣೆ. ಹಳೆಯ ಕ್ರಮವೇ. ಆದರೆ ಆ ಕ್ರಮವನ್ನು ಹೀಗೆ ಮುರಿಯುವುದಕ್ಕೆ ಅದನ್ನು ಒಳಗಿನಿಂದ ಬಲ್ಲವರಿಗೆ ಮಾತ್ರ ಸಾಧ್ಯ. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ಯಾರಿಗೆ ಏನಾಯ್ತು ಎಂದು ಕೇಳಿದಳು.

ಗುಲಾಬಿಯ ಚರ್ಚ್: ಕಪ್ಪು_ಗುಲಾಬಿ ಮೇಡಂ, ನಾನು ಪ್ರತಿ ವಾರ ನಿಜವಾದ ಚರ್ಚ್‌ನಲ್ಲಿ ನುಡಿಸುವವನು. ಇವರ ಚರ್ಚ್‌ನಲ್ಲಿ ದೇವರಿಲ್ಲ. ಮೊದಲು ಅದು ಕಿರಿಕಿರಿ ಮಾಡಿತು. ನಾಲ್ಕನೇ ಹಾಡಿನ ಹೊತ್ತಿಗೆ ಬೇರೆ ಏನೋ ಅನಿಸಿತು. ಸಾವಿನ ಮನೆಯಲ್ಲಿ ನುಡಿಸುವಾಗ ಆರ್ಗನ್‌ನ ಕೆಳಗಿನ ಸ್ವರಗಳನ್ನು ನಾವು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತೇವೆ. ಯಾರೂ ಹೇಳಿಕೊಟ್ಟಿದ್ದಲ್ಲ, ಕೈ ತಾನಾಗಿ ಹಿಡಿಯುತ್ತೆ. ಅದು ಇಲ್ಲಿದೆ. ‘ಅಲಂಕಾರ’ ಎಂಬ ಮಾತನ್ನು ಈ ಆಲ್ಬಂ ಮಟ್ಟಿಗೆ ವಾಪಸ್ ತೆಗೆದುಕೊಳ್ಳುತ್ತೇನೆ.

ಕಪ್ಪು_ಗುಲಾಬಿ · ಸೋಮವಾರ, ಬೆಳಿಗ್ಗೆ 9:12

ಸರ್, ತುಂಬಾ ಥ್ಯಾಂಕ್ಸ್. ಕೇಳದೆ ವಾದ ಮಾಡುವವರೇ ಜಾಸ್ತಿ, ನೀವು ರಾತ್ರಿ ಕೂತು ಕೇಳಿದಿರಿ.

ದೇವರಿಲ್ಲದ ಚರ್ಚ್ ಎಂದಿರಿ. ಆ ಆಲ್ಬಂ ಬಂದ ಮರುವಾರವೇ ಟೋಕಿಯೋದ ದೊಡ್ಡ ಸಭಾಂಗಣ ಬುಡೋಕಾನ್‌ನಲ್ಲಿ ಎರಡು ದಿನ ಕಾರ್ಯಕ್ರಮ ಮಾಡಿದರು, ಆಗಸ್ಟ್ 31 ಮತ್ತು ಸೆಪ್ಟೆಂಬರ್ 1. ವೇದಿಕೆಯ ಮೇಲೆ ಚರ್ಚ್‌ನ ದೊಡ್ಡ ಸೆಟ್ ಎಬ್ಬಿಸಿದ್ದರು. ಡಿವಿಡಿಯಲ್ಲಿ ನೋಡಿ. ಮರುವರ್ಷ, 2001ರ ಡಿಸೆಂಬರ್ 11ಕ್ಕೆ ಬ್ಯಾಂಡ್ ನಿಲ್ಲಿಸಿದರು.

ಗಿಟಾರ್_ಗೀಳು · ಸೋಮವಾರ, ಮಧ್ಯಾಹ್ನ 1:33

ವೆರ್ಸಾಯ್ ಬಗ್ಗೆ ಶೀರ್ಷಿಕೆಯಲ್ಲಿದೆ, ಚರ್ಚೆಯಲ್ಲಿ ಇಲ್ಲ. ನನಗೆ ಎಲ್ಲರಿಗಿಂತ ಇಷ್ಟ ಅವರೇ.

2007ರಲ್ಲಿ ಗಾಯಕ ಕಾಮಿಜೋ ಮತ್ತು ಗಿಟಾರ್ ವಾದಕ ಹಿಜಾಕಿ ಸೇರಿ ಕಟ್ಟಿದ ಬ್ಯಾಂಡ್, ಹೆಸರು ಫ್ರಾನ್ಸ್‌ನ ಅರಮನೆಯದು. ಕಾಮಿಜೋ ಹಿಂದೆ ಮಾಲಿಸ್ ಮಿಜೇರ್‌ಗೆ ರೋಡಿ, ಅಂದರೆ ವಾದ್ಯ ಹೊತ್ತು, ವೈರ್ ಜೋಡಿಸಿ, ವೇದಿಕೆ ಸಿದ್ಧ ಮಾಡುವವರು. ಹಾಗಾಗಿ ಇದು ಗುರು ಮನೆಯಿಂದ ಬಂದ ವಿದ್ಯೆ. ಅಮೆರಿಕದಲ್ಲಿ ಅದೇ ಹೆಸರಿನ ಗಾಯಕಿ ಇದ್ದದ್ದರಿಂದ ಹೊರದೇಶಕ್ಕೆ ‘ವೆರ್ಸಾಯ್ ಫಿಲ್ಹಾರ್ಮೋನಿಕ್ ಕ್ವಿಂಟೆಟ್’ ಎಂದು ಉದ್ದ ಮಾಡಿಕೊಂಡರು. ಹಿಜಾಕಿ ರಾಣಿಯ ಗೌನು ಹಾಕಿಕೊಂಡು, ಆ ತೋಳಿನ ಲೇಸ್ ತಂತಿಗೆ ತಾಗದ ಹಾಗೆ, ಅಷ್ಟು ವೇಗದಲ್ಲಿ ನುಡಿಸುತ್ತಾರೆ. ಇನ್ನೊಬ್ಬ ಗಿಟಾರ್ ವಾದಕ ತೆರು ಜೊತೆ ಇಬ್ಬರೂ ಮೂರನೇ ಸ್ವರದ ಅಂತರದಲ್ಲಿ ಒಟ್ಟಿಗೆ ಇಳಿಯುವುದನ್ನು ಕೇಳಬೇಕು.

ಬೇಸ್ ನುಡಿಸುತ್ತಿದ್ದ ಜಾಸ್ಮಿನ್ ಯೂ 2009ರ ಆಗಸ್ಟ್ 9ಕ್ಕೆ ತೀರಿಕೊಂಡರು. ಎರಡನೇ ಆಲ್ಬಂ ‘ಜುಬಿಲಿ’ 2010ರಲ್ಲಿ ಬಂತು.

ಬೇಸ್_ತಂತಿ · ಸೋಮವಾರ, ಮಧ್ಯಾಹ್ನ 2:10

ವೆರ್ಸಾಯ್ ಚೆನ್ನಾಗಿದೆ, ನುಡಿಸುವ ಕೈ ಬೇರೆ ಮಟ್ಟದ್ದು. ಆದರೆ ನನಗೆ ಅವರ ಅರಮನೆ ಸ್ವಲ್ಪ ಜಾಸ್ತಿ ಒಪ್ಪವಾಗಿದೆ. ಸ್ಟ್ರಿಂಗ್ಸ್, ಕಾಯಿರ್, ಜೋಡಿ ಗಿಟಾರ್, ಎಲ್ಲವೂ ಒಂದೇ ದಿಕ್ಕಿಗೆ ಓಡುತ್ತವೆ. ಮಾಲಿಸ್ ಮಿಜೇರ್‌ನಲ್ಲಿ ಎಳೆಗಳು ಒಂದಕ್ಕೊಂದು ಎದುರಾಡುತ್ತವೆ. ಎದುರಾಟ ಇದ್ದರೆ ನಾಟಕ. ಇಲ್ಲದಿದ್ದರೆ ಮೆರವಣಿಗೆ. ಮೆರವಣಿಗೆಯೂ ಬೇಕು, ಆದರೆ ನಾನು ಮತ್ತೆ ಮತ್ತೆ ಹೋಗುವುದು ನಾಟಕಕ್ಕೆ.

ಗಿಟಾರ್_ಗೀಳು · ಸೋಮವಾರ, ಮಧ್ಯಾಹ್ನ 2:26

ಗುರುಗಳೇ, ಒಂದು ಸಲ ಅವರ ಬೇಸ್‌ನ್ನೂ ಹಿಂಬಾಲಿಸಿ ನೋಡಿ. ಜಾಸ್ಮಿನ್ ಯೂ ಕಾಲದ ಹಾಡುಗಳಲ್ಲಿ. ಆಮೇಲೆ ಮಾತಾಡೋಣ.

ಟೋಕಿಯೋ_ಟಪಾಲು · ಸೋಮವಾರ, ಸಂಜೆ 7:48

ಈ ಬಗೆಯ ಬ್ಯಾಂಡ್‌ನ ಚಿಕ್ಕ ಲೈವ್ ಹೌಸ್‌ಗೆ ಮೊದಲ ಸಲ ಹೋದ ದಿನದ ಬಗ್ಗೆ ಬರೆಯುತ್ತೇನೆ. ನೆಲಮಾಳಿಗೆ. ಟಿಕೆಟ್‌ನಲ್ಲಿ ನಂಬರ್ ಇರುತ್ತೆ, ಆ ನಂಬರ್ ಕೂಗಿದಾಗ ಮೆಟ್ಟಿಲು ಇಳಿಯಬೇಕು. ಬಾಗಿಲಲ್ಲಿ ಪಾನೀಯಕ್ಕೆ ಎಂದು 600 ಯೆನ್ ಬೇರೆ. ಕೈಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ಕೊಡುತ್ತಾರೆ. ನನ್ನ ಮುಂದೆ ಇದ್ದವರೆಲ್ಲಾ ಹೆಣ್ಣುಮಕ್ಕಳು. ಕೆಲವರು ಆಫೀಸ್ ಬಟ್ಟೆಯಲ್ಲೇ ಬಂದು ಶೌಚಾಲಯದಲ್ಲಿ ಕಪ್ಪು ಲೇಸ್ ಫ್ರಾಕ್ ತೊಟ್ಟು ಹೊರಬಂದರು.

ದೀಪ ಆರಿತು. ಪ್ರವೇಶದ ಸಂಗೀತ ಶುರುವಾಯಿತು, ಅದನ್ನು ಅಲ್ಲಿ ‘ಎಸ್‌ಇ’ ಅನ್ನುತ್ತಾರೆ. ಒಬ್ಬೊಬ್ಬರಾಗಿ ಬಂದರು. ಬಂದವರು ತಕ್ಷಣ ವಾದ್ಯ ಹಿಡಿಯಲಿಲ್ಲ. ನಿಂತರು. ನೋಡಿಸಿಕೊಂಡರು. ಆಮೇಲೆ ಹಾಡು ಶುರುವಾದ ಕೂಡಲೇ ಎಲ್ಲರ ಕೈ ಒಟ್ಟಿಗೆ ಎದ್ದಿತು. ಪ್ರತಿ ಹಾಡಿಗೂ ಕೈ ಚಲನೆ ಬೇರೆ, ಅದಕ್ಕೆ ‘ಫುರಿ’ ಎಂದು ಹೆಸರು. ಯಾರೂ ಹೇಳಿಕೊಡುವುದಿಲ್ಲ, ಹಿಂದೆ ನಿಂತು ನೋಡಿ ಕಲಿಯಬೇಕು. ನನ್ನ ಪಕ್ಕದ ಹುಡುಗಿ ನಾನು ತಡಬಡಾಯಿಸುವುದನ್ನು ನೋಡಿ, ಒಂದು ಹಾಡಿನ ಪೂರ್ತಿ ತನ್ನ ಕೈಯನ್ನು ಸ್ವಲ್ಪ ನಿಧಾನವಾಗಿ ತಿರುಗಿಸಿದಳು. ನನಗೆ ಕಾಣಲಿ ಎಂದು. ಹೆಸರು ಕೇಳಲಿಲ್ಲ. ಇಂದಿಗೂ ಆ ಹಾಡು ಬಂದರೆ ನನ್ನ ಬಲಗೈ ತಾನಾಗಿ ಏಳುತ್ತೆ.

ಕೆಂಗೇರಿ_ಕೀಬೋರ್ಡ್ · ಸೋಮವಾರ, ರಾತ್ರಿ 8:30

ಒಂದು ಹಳೆಯ ನೋವು ಇಲ್ಲಿ ಹೇಳಿಕೊಳ್ಳಬಹುದು ಅನಿಸಿತು. ಕಾಲೇಜಿನಲ್ಲಿ ನಾವು ನಾಲ್ವರು ಇಂಥದ್ದೇ ಹಾಡು ಕಟ್ಟಿದ್ದೆವು. ಎರಡು ತಿಂಗಳು ಅಭ್ಯಾಸ. ಸ್ಪರ್ಧೆಯ ದಿನ ಮುಖಕ್ಕೆ ಬಿಳಿ ಬಣ್ಣ, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಬಂದೆವು. ವೇದಿಕೆ ಪಕ್ಕದಲ್ಲೇ ತಡೆದು, "ಇದು ಸಂಗೀತ ವಿಭಾಗ, ಛದ್ಮವೇಷ ನಾಳೆ" ಎಂದರು. ಮುಖ ತೊಳೆದು ಬಂದು ನುಡಿಸಿದೆವು. ಸ್ವರ ಒಂದೂ ತಪ್ಪಲಿಲ್ಲ, ಆದರೂ ಆ ಹಾಡು ಅವತ್ತು ಏಳಲೇ ಇಲ್ಲ. ಯಾಕೆ ಎಂದು ಇಷ್ಟು ವರ್ಷ ಗೊತ್ತಿರಲಿಲ್ಲ. ಕಪ್ಪು_ಗುಲಾಬಿ ಮೇಡಂ ಬರೆದದ್ದು ಓದಿ ಗೊತ್ತಾಯಿತು.

ಅನಿಮೆ_ಅಟ್ಟ · ಸೋಮವಾರ, ರಾತ್ರಿ 9:15

ಪಾತ್ರ ಬರೆಯುವ ಮಾತು ಬಂದದ್ದಕ್ಕೆ ಎರಡು ಹೆಸರು. ಒಂದು, ರೆವೋ ಎನ್ನುವವರ ಸೌಂಡ್ ಹೊರೈಜನ್. 2008ರ ‘ಮೋಯ್ರಾ’ ಗ್ರೀಕ್ ಕಥಾಲೋಕದಲ್ಲಿ ನಡೆಯುತ್ತೆ. ಬೇರೆ ಬೇರೆ ಗಾಯಕರು ಬೇರೆ ಬೇರೆ ಪಾತ್ರ, ನಡುನಡುವೆ ಕಥೆ ಹೇಳುವ ಧ್ವನಿ. ಆಪೆರಾಗೆ ಎಲ್ಲರಿಗಿಂತ ಹತ್ತಿರ ಇವರೇ. ‘ಅಟ್ಯಾಕ್ ಆನ್ ಟೈಟನ್’ ಅನಿಮೆಯ ಮೊದಲ ಹಾಡು ಮಾಡಿದವರೂ ರೆವೋ ಅವರೇ, 2013ರಲ್ಲಿ.

ಇನ್ನೊಂದು ಹಳೆಯ ಬೇರು. ತೆರಾಯಾಮಾ ಶೂಜಿ 1967ರಲ್ಲಿ ಕಟ್ಟಿದ ತೆಂಜೋ ಸಾಜಿಕಿ ನಾಟಕ ತಂಡ. ಅದಕ್ಕೆ ಸಂಗೀತ ಮಾಡುತ್ತಿದ್ದವರು ಜೆ. ಎ. ಸೀಜರ್. ರಾಕ್, ಕಾಯಿರ್, ಮಂತ್ರದ ಹಾಗೆ ಪದಗಳು. 1997ರ ‘ರೆವಲ್ಯೂಷನರಿ ಗರ್ಲ್ ಉತೆನಾ’ ಅನಿಮೆಯಲ್ಲಿ ಕತ್ತಿ ಕಾಳಗ ಬಂದಾಗಲೆಲ್ಲಾ ಕೇಳುವ ಕಾಯಿರ್ ಅವರದೇ. ವಿಜುವಲ್ ಕೇ ಎಂಬ ಹೆಸರು ಹುಟ್ಟುವ ಮೊದಲೇ ಜಪಾನ್‌ನಲ್ಲಿ ರಂಗಭೂಮಿಯೂ ರಾಕೂ ಒಂದೇ ಸೂರಿನ ಕೆಳಗಿದ್ದವು.

ತುಂಗಾತೀರ · ಬುಧವಾರ, ಬೆಳಿಗ್ಗೆ 8:05

ಎಲ್ಲವನ್ನೂ ಎರಡೆರಡು ಸಲ ಓದಿದೆ. ಊರಿಗೆ ಹೊರಟಿದ್ದೆ, ಹಾಗಾಗಿ ರೈಲಿನಲ್ಲಿ ಕೇಳುತ್ತಾ ಹೋದೆ.

ಮೊದಲು ಬೇಸ್ ಹಿಂಬಾಲಿಸಿದೆ. ಮೂರು ತಿಂಗಳು ದಿನಾ ಕೇಳಿದ ಹಾಡದು. ಅದರ ಕೆಳಗೆ ಇನ್ನೊಂದು ಹಾಡು ಇಡೀ ಹೊತ್ತೂ ನಡೀತಾ ಇತ್ತು, ನನಗೆ ಗೊತ್ತೇ ಇರಲಿಲ್ಲ. ಅದರಲ್ಲೇ ಬೀರೂರು ತನಕ ಹೋದೆ. ತರೀಕೆರೆ ಬಿಟ್ಟಾಗ ‘ಆರ್ಟ್ ಆಫ್ ಲೈಫ್’ ಹಾಕಿದೆ. ಎರಡನೇ ಪಿಯಾನೋ ಗುದ್ದಲು ಶುರುವಾದಾಗ ಹೊರಗೆ ಕತ್ತಲು, ಕಿಟಕಿಯಲ್ಲಿ ನನ್ನ ಮುಖ ಮಾತ್ರ. ಕೆಳಗಿನ ಆ ಚಿಕ್ಕ ರಾಗವನ್ನು ಬಿಡಬಾರದು ಎಂದು ಹಿಡಿದುಕೊಂಡೇ ಕೂತಿದ್ದೆ. ಹಾಡು ಮುಗಿದಾಗ ಭದ್ರಾವತಿಯ ದೀಪಗಳು ಕಾಣುತ್ತಿದ್ದವು. ಎದುರು ಸೀಟಿನ ಅಜ್ಜಿ "ಯಾಕಪ್ಪಾ, ಹುಷಾರಿಲ್ವಾ?" ಎಂದು ಕೇಳಿದರು. ಹುಷಾರಾಗಿದ್ದೀನಿ ಅಜ್ಜಿ ಎಂದೆ.

ಗೆಳೆಯನಿಗೆ ಈ ಚರ್ಚೆಯ ಕೊಂಡಿ ಕಳಿಸಿದ್ದೇನೆ. ಆರ್ಗನ್_ಮೆಟ್ಟಿಲು ಸರ್ ಬರೆದದ್ದನ್ನು ಮೊದಲು ಓದು ಎಂದು ಹೇಳಿದ್ದೇನೆ. ಭಾನುವಾರ ರೂಮಿಗೆ ವಾಪಸ್ ಹೋಗುತ್ತೇನೆ. ಅವನ ಜೊತೆ ಕೂತು ಕೇಳೋಕೆ ಒಂದೇ ಒಂದು ಆಲ್ಬಂ ಹೇಳಿ.

ಆರ್ಗನ್_ಮೆಟ್ಟಿಲು · ಬುಧವಾರ, ಬೆಳಿಗ್ಗೆ 8:40

ಗುಲಾಬಿಯ ಚರ್ಚ್. ಫೋನ್‌ನ ಸ್ಪೀಕರ್‌ನಲ್ಲಿ ಬೇಡ, ಆರ್ಗನ್‌ನ ಕೆಳಗಿನ ಸ್ವರಗಳು ಅದರಲ್ಲಿ ಬರೋದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಎರಡು ಹೊಂದಿಸಿಕೊಳ್ಳಿ. ಕಾಮಿಯ ವಿಷಯವನ್ನು ಅವರಿಗೆ ಮೊದಲೇ ಹೇಳಿ.